ಕಡ್ಡಿಗಳು ಚೆನ್ನಾಗಿ ಚಿಗುರಿ ಆಮೇಲೆ ಒಣಗುತ್ತಿವೆ, ತಪ್ಪಿದ್ದೆಲ್ಲಿ?

ಹೊಸಚಿಗುರು:

ಎಲ್ಲರಿಗೂ ನಮಸ್ಕಾರ. ಮರಗಳನ್ನು ಬೀಜದಿಂದಲ್ಲದೆ ಕಡ್ಡಿಗಳಿಂದ ಬೆಳೆಸಬೇಕೆಂಬ ಆಸೆಯಿಂದ ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕಿದ್ದೇನೆ. ಇದಕ್ಕೆ ಮುಂಚೆ ದಾಸವಾಳ, ಕ್ರೋಟನ್ ಮುಂತಾದವುಗಳ ರೆಂಬೆಯನ್ನು ಮಣ್ಣಿಗೆ ಚುಚ್ಚಿ ಬೆಳೆಸಿದ್ದುಂಟು. ಮರಗಳೂ ಹಾಗೆಯೇ ಬಂದಾವು ಎಂಬ ಧೈರ್ಯದಲ್ಲಿ ಒಟ್ಟು ಹದಿನಾಲ್ಕು ಕಡ್ಡಿಗಳನ್ನು ನೆಟ್ಟೆ: ಅಂಜೂರದವು ಆರು, ಹಿಪ್ಪುನೇರಳೆಯವು ಐದು, ಮಾವಿನವು ಮೂರು. ಪ್ರತಿಯೊಂದೂ ಸುಮಾರು 20 ಸೆಂಟಿಮೀಟರ್ ಉದ್ದವಿತ್ತು, ಪೆನ್ಸಿಲಿನಷ್ಟು ದಪ್ಪವಿತ್ತು. ತೋಟದ ಮಣ್ಣಿಗೆ ಅರ್ಧದಷ್ಟು ಎರೆಗೊಬ್ಬರ ಬೆರೆಸಿ, ಅಂಗೈ ಎತ್ತರದ ಅಗಲವಾದ ಕುಂಡಗಳಿಗೆ ತುಂಬಿ, ಕಡ್ಡಿಗಳು ಅಲುಗಾಡದಿರಲಿ ಎಂದು ತಳ ಮುಟ್ಟುವವರೆಗೆ ಒತ್ತಿ ನೆಟ್ಟು, ದಿನವೂ ಬೆಳಿಗ್ಗೆ ನೀರು ಹಾಕುತ್ತಾ ಬಂದೆ.

ಮೂರನೆಯ ವಾರದ ಹೊತ್ತಿಗೆ ಅಂಜೂರ ಮತ್ತು ಹಿಪ್ಪುನೇರಳೆಯ ಕಡ್ಡಿಗಳೆಲ್ಲ ಚಿಗುರಿದವು. ಕೆಲವು ಅಂಜೂರದ ಕಡ್ಡಿಗಳಲ್ಲಂತೂ ನಾಲ್ಕೈದು ಎಲೆಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಗೆದ್ದೆನೆಂದುಕೊಂಡು ಕುಂಡಗಳನ್ನು ಬಿಸಿಲಿಗೆ ಸರಿಸಿದೆ. ಐದನೆಯ ವಾರದಲ್ಲಿ ಒಂದೊಂದಾಗಿ ಎಲೆಗಳು ಜೋಲತೊಡಗಿದವು. ನೀರು ಸಾಲದಿರಬಹುದೆಂದು ಇನ್ನಷ್ಟು ಹಾಕಿದೆ. ಈಗ ಹೆಚ್ಚಿನವು ಸತ್ತಂತೆ ಕಾಣುತ್ತಿವೆ. ಮಾವಿನ ಕಡ್ಡಿಗಳಂತೂ ಚಿಗುರಲೇ ಇಲ್ಲ.

ಎಲೆ ಬಿಟ್ಟ ಕಡ್ಡಿ ಯಾಕೆ ಸಾಯುತ್ತದೆ? ಬೇರು ಬರಿಸುವ ಪುಡಿಯನ್ನು ಬಳಸದಿದ್ದುದೇ ತಪ್ಪಾಯಿತೇ? ಹೀಗೆ ಬೆಳೆಸಿದ ಮರವು ಬೀಜದಿಂದ ಬಂದ ಮರದಷ್ಟು ಗಟ್ಟಿಯಾಗಿ ನಿಲ್ಲುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಮರಳುಪಾತಿ:

ನಮಸ್ಕಾರ. ನಿಮ್ಮ ಅನುಭವ ಹೊಸದೇನಲ್ಲ. ಈ ಕೆಲಸ ಕಲಿತವರೆಲ್ಲ ಒಮ್ಮೆಯಾದರೂ ಆ ಮೂರನೆಯ ವಾರದ ಸಂತೋಷಕ್ಕೆ ಮೋಸ ಹೋದವರೇ. ಚಿಗುರು ಬಂದಿತೆಂದರೆ ಬೇರು ಬಂದಿತೆಂದು ಅರ್ಥವಲ್ಲ. ಕತ್ತರಿಸುವ ಮೊದಲೇ ಆ ರೆಂಬೆಯ ಕಣ್ಣುಗಳೊಳಗೆ, ಅಂದರೆ ಚಿಗುರೊಡೆಯುವ ಮೊಗ್ಗುಗಳೊಳಗೆ, ಎಲೆಗಳು ಸಣ್ಣದಾಗಿ ಮಡಿಚಿಕೊಂಡು ಸಿದ್ಧವಾಗಿರುತ್ತವೆ. ಅವು ಬಿಚ್ಚಿಕೊಳ್ಳಲು ಬೇಕಾದದ್ದು ಸ್ವಲ್ಪ ಬೆಚ್ಚಗಿನ ಹವೆ, ಕಡ್ಡಿಯೊಳಗೆ ಉಳಿದಿರುವ ನೀರು ಮತ್ತು ಕಟ್ಟಿಗೆಯಲ್ಲಿ ಕೂಡಿಟ್ಟ ಪಿಷ್ಟ, ಇಷ್ಟೇ. ಬೇರಾದರೋ ಹೊಸದಾಗಿ ಹುಟ್ಟಬೇಕು. ತೊಗಟೆಯ ಕೆಳಗಿನ ಜೀವಂತ ಪದರದಲ್ಲಿ, ಕಾಂಡವಾಗಿಯೇ ಇರಬೇಕಾಗಿದ್ದ ಕೋಶಗಳು ತಮ್ಮ ದಾರಿ ಬದಲಿಸಿ, ಬೇರಿನ ಮೊಳಕೆಯಾಗಿ ರೂಪುಗೊಂಡು, ತೊಗಟೆಯನ್ನು ಸೀಳಿ ಹೊರಬರಬೇಕು. ಅದಕ್ಕೆ ಸುಲಭದ ಮರಗಳಲ್ಲಿಯೂ ನಾಲ್ಕರಿಂದ ಎಂಟು ವಾರ ಹಿಡಿಯಬಹುದು.

ಆದ್ದರಿಂದ ಮೊದಲ ಎರಡು ತಿಂಗಳು ಕಡ್ಡಿಯೆಂಬುದು ಗಳಿಕೆಯಿಲ್ಲದೆ ಕೂಡಿಟ್ಟದ್ದರಲ್ಲೇ ದಿನ ದೂಡುವ ಮನೆಯಂತೆ ಇರುತ್ತದೆ. ಎಲೆ ಹೆಚ್ಚಾದಷ್ಟೂ ನೀರು ಆವಿಯಾಗಿ ಹೋಗುವುದು ಹೆಚ್ಚುತ್ತದೆ. ಆ ನಷ್ಟವನ್ನು ತುಂಬಲು ಕೆಳಗೆ ಬೇರಿಲ್ಲ. ನೀವು ಆ ಹೊತ್ತಿಗೆ ಸರಿಯಾಗಿ ಅದನ್ನು ಬಿಸಿಲಿಗೆ ಇಟ್ಟಿರಿ. ಎಲೆ ಜೋತಾಗ ನೀರು ಹೆಚ್ಚಿಸಿದ್ದು ಎರಡನೆಯ ಪೆಟ್ಟು. ಜೋಲಿದ ಎಲೆಯನ್ನು ನೋಡಿದರೆ ಬಾಯಾರಿಕೆಯೆಂದೇ ಅನ್ನಿಸುತ್ತದೆ, ಆದರೆ ಕುಡಿಯುವ ಬಾಯಿಯೇ ಇಲ್ಲದಾಗ ಎಷ್ಟು ಸುರಿದರೇನು?

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಮಾತು, ಕಡ್ಡಿಯನ್ನು ತಳ ಮುಟ್ಟುವವರೆಗೆ ಒತ್ತಿದ್ದು. ಯಾವ ಕುಂಡದಲ್ಲಿಯೂ, ತೂತು ಎಷ್ಟೇ ಇರಲಿ, ನೀರು ಪೂರ್ತಿ ಬಸಿದು ಹೋಗುವುದಿಲ್ಲ. ತಳದ ಕೆಲವು ಸೆಂಟಿಮೀಟರ್ ಮಣ್ಣು ಒದ್ದೆ ಸ್ಪಂಜಿನಂತೆ ನೀರನ್ನು ಹಿಡಿದುಕೊಂಡೇ ಇರುತ್ತದೆ. ಮಣ್ಣು ನಯವಾಗಿದ್ದಷ್ಟೂ ಆ ಪದರ ದಪ್ಪ. ಅಡಿಗೆಮನೆಯ ಸ್ಪಂಜನ್ನು ನೀರಿನಲ್ಲಿ ಅದ್ದಿ, ಮಟ್ಟಸವಾಗಿ ಎತ್ತಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿದರೆ ಮತ್ತೆ ನೀರು ಇಳಿಯುತ್ತದೆ. ಅಂದರೆ ಅದೇ ವಸ್ತು, ಎತ್ತರ ಹೆಚ್ಚಾದಾಗ ಹೆಚ್ಚು ಬಸಿಯುತ್ತದೆ. ತಗ್ಗಾದ ಅಗಲ ಕುಂಡದಲ್ಲಿ ತಳ ಮುಟ್ಟಿದ ಕಡ್ಡಿಯ ಬುಡ, ಅಂದರೆ ಬೇರು ಹುಟ್ಟಬೇಕಾದ ಜಾಗವೇ, ಗಾಳಿಯಿಲ್ಲದ ಕೆಸರಿನಲ್ಲಿ ಕುಳಿತಿರುತ್ತದೆ. ಬೇರು ಮೂಡಲು ತೇವ ಎಷ್ಟು ಬೇಕೋ ಆಮ್ಲಜನಕವೂ ಅಷ್ಟೇ ಬೇಕು.

ನನ್ನ ಪದ್ಧತಿ ಹೀಗಿದೆ. ಕುಂಡ ಕಿರಿದಾದರೂ ಆಳವಾಗಿರಬೇಕು. ಕಡ್ಡಿಯ ಬುಡದಿಂದ ಕುಂಡದ ತಳದವರೆಗೆ ಕಡಿಮೆಯೆಂದರೂ ನಾಲ್ಕು ಬೆರಳು ಅಂತರವಿರಬೇಕು. ತುಂಬಲು ದಪ್ಪ ಮರಳು ಅರ್ಧ, ತೊಳೆದ ತೆಂಗಿನ ನಾರಿನ ಪುಡಿ ಅರ್ಧ. ಗೊಬ್ಬರ ಬೇಡವೇ ಬೇಡ: ಬೇರಿಲ್ಲದ ಕಡ್ಡಿಗೆ ಅದರಿಂದ ಲಾಭವಿಲ್ಲ, ಕೊಳೆಸುವ ಶಿಲೀಂಧ್ರಗಳಿಗೆ ಇದೆ. ನೀರು ದಿನದ ಲೆಕ್ಕದಲ್ಲಿ ಅಲ್ಲ, ಬೆರಳಿನ ಲೆಕ್ಕದಲ್ಲಿ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿದಾಗ ತಂಪು ತಾಗಿದರೆ ಅಂದು ನೀರು ಬೇಡ. ನೆರಳು ಬೇಕು, ಕತ್ತಲೆಯಲ್ಲ.

ಈಗ ಸತ್ತಿವೆಯೆಂದು ನೀವು ತಿಳಿದಿರುವ ಕಡ್ಡಿಗಳನ್ನು ಎಸೆಯುವ ಮುನ್ನ ಮೆಲ್ಲಗೆ ಕಿತ್ತು ಬುಡವನ್ನು ನೋಡಿ, ಏನು ಕಂಡಿತೆಂದು ಬರೆಯಿರಿ. ಸತ್ತ ಕಡ್ಡಿ ಕಲಿಸುವಷ್ಟು ಬದುಕಿದ್ದು ಕಲಿಸುವುದಿಲ್ಲ.

ಹಳೆತೋಟಿಗ:

ಮರಳುಪಾತಿಯವರ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಮರಗಳ ಆಯ್ಕೆಯ ಬಗ್ಗೆ ಅವರು ಬರೆಯದೆ ಬಿಟ್ಟದ್ದನ್ನು ನಾನು ಸೇರಿಸುತ್ತೇನೆ.

ಮಾವನ್ನು ಮರೆತುಬಿಡಿ. ಅದರ ಕಡ್ಡಿ ಬೇರು ಬಿಡುವುದು ಬಹಳ ಕಷ್ಟ, ಅದಕ್ಕಾಗಿಯೇ ಎಲ್ಲರೂ ಕಸಿ ಕಟ್ಟುತ್ತಾರೆ. ಹಲಸಿನದೂ ಹೆಚ್ಚುಕಡಿಮೆ ಅದೇ ಕಥೆ. ಸೀಬೆಯ ಗಟ್ಟಿ ಕಡ್ಡಿ ಸುಲಭಕ್ಕೆ ಒಲಿಯುವುದಿಲ್ಲ. ಅದಕ್ಕೆ ಗೂಟಿ ಕಟ್ಟುವುದೇ (ರೆಂಬೆಯ ತೊಗಟೆಯನ್ನು ಸುತ್ತ ಸುಲಿದು, ಅಲ್ಲಿಗೆ ಒದ್ದೆ ಪದಾರ್ಥ ಸುತ್ತಿ ಕಟ್ಟುವುದೇ) ಮೇಲು, ಏಕೆಂದರೆ ರೆಂಬೆ ತಾಯಿಮರದಲ್ಲಿ ಇರುವಾಗಲೇ ಬೇರು ಬರುವುದರಿಂದ ಒಣಗುವ ಭಯವಿರುವುದಿಲ್ಲ. ತೆಂಗು, ಅಡಿಕೆ, ತಾಳೆಗಳಂಥವನ್ನು ಕಾಂಡದ ತುಂಡಿನಿಂದ ಬೆಳೆಸುವ ಮಾತೇ ಇಲ್ಲ. ಅವುಗಳ ಕಾಂಡಕ್ಕೆ ಬೆಳೆಯುವ ತುದಿ ಒಂದೇ, ತೊಗಟೆಯ ಕೆಳಗೆ ಹೊಸ ಅಂಗಾಂಶ ಹುಟ್ಟಿಸುವ ಪದರವೂ ಇಲ್ಲ.

ಹೊಸಬರಿಗೆ ಧೈರ್ಯ ಕೊಡುವ ಮರಗಳೆಂದರೆ ಹಿಪ್ಪುನೇರಳೆ, ಅಂಜೂರ, ದಾಳಿಂಬೆ, ದೇವಕಣಗಿಲೆ, ನುಗ್ಗೆ, ಹಾಲುವಾಣ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ). ತಂಪು ಪ್ರದೇಶದವರಿಗೆ ವಿಲ್ಲೋ ಮತ್ತು ಪಾಪ್ಲರ್. ಈ ಎರಡರ ರೆಂಬೆಗಳಲ್ಲಿ ಬೇರಿನ ಮೊಳಕೆಗಳು ಮೊದಲೇ ತೊಗಟೆಯಡಿ ಮಲಗಿರುತ್ತವೆ, ಒದ್ದೆ ತಾಗಿದರೆ ಸಾಕು ಏಳುತ್ತವೆ. ಒಂದೊಂದರ ಸ್ವಭಾವವೂ ಬೇರೆ ಎಂಬುದನ್ನು ಮಾತ್ರ ನೆನಪಿಡಬೇಕು. ನುಗ್ಗೆಗೆ ಪೆನ್ಸಿಲ್ ದಪ್ಪದ ಕಡ್ಡಿ ಸಾಲದು. ಕಾಯಿ ಮುಗಿದ ಮೇಲೆ 1ರಿಂದ 1.5 ಮೀಟರ್ ಉದ್ದದ, ಕಡಿಮೆಯೆಂದರೂ 4 ಸೆಂಟಿಮೀಟರ್ ದಪ್ಪದ ಕೊಂಬೆಯನ್ನು ಕಡಿದು, ಅದರ ಮೂರನೆಯ ಒಂದು ಭಾಗವನ್ನು ನೇರವಾಗಿ ನೆಲದಲ್ಲಿ ಹೂಳುತ್ತಾರೆ. ಅಷ್ಟು ದಪ್ಪ ಕೊಂಬೆಯಲ್ಲಿ ನೀರು ಮತ್ತು ಆಹಾರದ ಸಂಗ್ರಹ ದೊಡ್ಡದು. ದೇವಕಣಗಿಲೆಯ ಕೊಂಬೆಯನ್ನು ಕಡಿದ ಕೂಡಲೇ ನೆಟ್ಟರೆ ಕೊಳೆಯುತ್ತದೆ. ಒಂದೆರಡು ವಾರ ನೆರಳಿನಲ್ಲಿ ಒಣಗಲು ಬಿಟ್ಟು, ಹಾಲು ನಿಂತು ಗಾಯ ಕಟ್ಟಿದ ಮೇಲೆಯೇ ನೆಡಬೇಕು. ಅಂಜೂರವೂ ಹಾಲು ಸುರಿಸುತ್ತದೆಯಾದರೂ ಅದಕ್ಕೆ ಇಷ್ಟು ದೀರ್ಘ ವಿಶ್ರಾಂತಿ ಬೇಕಿಲ್ಲ. ಬುಡವನ್ನು ನೀರಿನಲ್ಲಿ ತೊಳೆದು ಒಂದು ದಿನ ಬಿಟ್ಟರೆ ಆಯಿತು.

ಇನ್ನು ಕಡ್ಡಿಯನ್ನು ಯಾವ ಕಾಲದಲ್ಲಿ, ಎಲ್ಲಿಂದ ತೆಗೆದಿರಿ ಎಂಬುದನ್ನು ನೀವು ಬರೆದಿಲ್ಲ. ಎಲೆ ಉದುರಿಸುವ ಮರಗಳಲ್ಲಿ, ಎಲೆಯೆಲ್ಲ ಉದುರಿ ಕಣ್ಣುಗಳು ಇನ್ನೂ ಉಬ್ಬದಿರುವ ದಿನಗಳೇ ಉತ್ತಮ, ಏಕೆಂದರೆ ಆಗ ರೆಂಬೆಯಲ್ಲಿ ಪಿಷ್ಟ ತುಂಬಿರುತ್ತದೆ. ಹಿಂದಿನ ವರ್ಷ ಬೆಳೆದ, ಕಂದು ಬಣ್ಣಕ್ಕೆ ತಿರುಗಿದ ರೆಂಬೆಯನ್ನು ಆರಿಸಿ, ಎಳಸಾದ ಹಸಿರು ತುದಿಯನ್ನು ತೆಗೆದುಹಾಕಿ. ಮುಪ್ಪಾದ ಮರದ ನೆತ್ತಿಯ ರೆಂಬೆಗಿಂತ, ಕಡಿದ ಬುಡದಿಂದ ಎದ್ದ ಚಿಗುರುಗೊಂಬೆಗಳು ಬೇಗ ಬೇರು ಬಿಡುತ್ತವೆ. ವಯಸ್ಸಿನ ಲೆಕ್ಕ ಮರದಲ್ಲಿ ವಿಚಿತ್ರ: ಬುಡದ ಭಾಗ ಎಷ್ಟು ವರ್ಷ ಕಳೆದರೂ ಎಳೆತನವನ್ನು ಉಳಿಸಿಕೊಳ್ಳುತ್ತದೆ, ಮುದಿತನ ಮೊದಲು ಬರುವುದು ನೆತ್ತಿಗೆ.

ಕೆಳಗಿನ ಕತ್ತರಿಕೆ ಎಲೆ ಹುಟ್ಟುವ ಗಿಣ್ಣಿನ ಸ್ವಲ್ಪ ಕೆಳಗೆ ನೇರವಾಗಿರಲಿ, ಮೇಲಿನದು ಕಣ್ಣಿಗಿಂತ ಒಂದು ಬೆರಳು ಮೇಲೆ ಓರೆಯಾಗಿರಲಿ. ಇದರಿಂದ ತಲೆ ಯಾವುದು, ಬುಡ ಯಾವುದು ಎಂಬ ಗೊಂದಲವೂ ತಪ್ಪುತ್ತದೆ. ನಗಬೇಡಿ, ನಾನು ಒಂದು ಸಲ ಇಡೀ ಕಟ್ಟು ಹಿಪ್ಪುನೇರಳೆ ಕಡ್ಡಿಗಳನ್ನು ತಲೆಕೆಳಗಾಗಿ ನೆಟ್ಟು ತಿಂಗಳುಗಟ್ಟಲೆ ಕಾದವನು.

ಹೊಸಚಿಗುರು:

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಎಲ್ಲವನ್ನೂ ಕಿತ್ತು ನೋಡಿದೆ. ಅಂಜೂರದ ಆರರಲ್ಲಿ ಐದರ ಬುಡ ಕಪ್ಪಾಗಿದೆ. ಒತ್ತಿದರೆ ತೊಗಟೆ ನೆನೆದ ಕಾಗದದಂತೆ ಜಾರುತ್ತದೆ, ಹುಳಿ ವಾಸನೆಯೂ ಇದೆ. ಕಪ್ಪು ಬಣ್ಣ ಸರಿಯಾಗಿ ಮೂರು ಬೆರಳಿನ ಎತ್ತರಕ್ಕೆ ನಿಂತಿದೆ. ಅದರ ಮೇಲೆ ಉಗುರಿನಿಂದ ಕೆರೆದರೆ ಇನ್ನೂ ಹಸಿರು. ಆರನೆಯದು ಕುಂಡದ ಅಂಚಿನಲ್ಲಿ ಓರೆಯಾಗಿ ನಿಂತದ್ದರಿಂದ ತಳ ಮುಟ್ಟಿರಲಿಲ್ಲ. ಅದರ ಬುಡ ಗಟ್ಟಿಯಾಗಿದೆ, ಆದರೆ ಬೇರಿಲ್ಲ. ಹಿಪ್ಪುನೇರಳೆಯಲ್ಲಿ ನಾಲ್ಕು ಒಣಗಿವೆ. ಐದನೆಯದರ ಬುಡದ ಕತ್ತರಿಸಿದ ಅಂಚಿನಲ್ಲಿ ಬಿಳಿಯ, ಒರಟಾದ, ಹುರಿದ ಅರಳಿನಂತಹ ಗಂಟು ಬಂದಿದೆ, ಅದಕ್ಕಿಂತ ಸ್ವಲ್ಪ ಮೇಲೆ ತೊಗಟೆಯ ಮೇಲೆ ಸಾಸಿವೆಯಷ್ಟು ದೊಡ್ಡ ಎರಡು ಬಿಳಿ ಬೊಕ್ಕೆಗಳಿವೆ. ಇದು ಬೇರೇ? ಕಿತ್ತು ಕೆಡಿಸಿದೆನೇ?

ಮರಳುಪಾತಿ:

ಮೂರು ಬೆರಳಿನ ಎತ್ತರಕ್ಕೆ ನಿಂತ ಆ ಕಪ್ಪು ಗೆರೆಯೇ ನಿಮ್ಮ ಕುಂಡದಲ್ಲಿ ನೀರು ನಿಂತಿದ್ದ ಮಟ್ಟ.

ಅಂಚಿನಲ್ಲಿರುವ ಒರಟು ಗಂಟು ಬೇರಲ್ಲ. ಅದು ಗಾಯ ಮಾಯಲು ಮರ ಕಟ್ಟಿಕೊಳ್ಳುವ ಅಂಗಾಂಶ. ಅದು ಬಂದ ಕಡ್ಡಿ ಜೀವಂತವಾಗಿದೆಯೆಂದು ಹೇಳಬಹುದೇ ಹೊರತು ಬೇರು ಬಂದೇ ಬರುತ್ತದೆಂದು ಹೇಳಲಾಗದು. ಎಷ್ಟೋ ಮರಗಳಲ್ಲಿ ದೊಡ್ಡ ಗಂಟು ಕಟ್ಟಿ ಅಲ್ಲಿಗೇ ನಿಲ್ಲುವುದುಂಟು, ಗಂಟೇ ಇಲ್ಲದೆ ಬೇರು ಬರುವುದೂ ಉಂಟು. ಆದರೆ ತೊಗಟೆಯ ಮೇಲಿನ ಆ ಎರಡು ಬಿಳಿ ಬೊಕ್ಕೆಗಳು ಹೊರಬರಲು ಹವಣಿಸುತ್ತಿರುವ ಬೇರಿನ ತುದಿಗಳಿರಬಹುದು. ಮುಟ್ಟಬೇಡಿ. ಮರಳಿನ ಮಿಶ್ರಣದಲ್ಲಿ ಇನ್ನೊಂದು ಕಡ್ಡಿಯಿಂದ ರಂಧ್ರ ಮಾಡಿ, ಇದನ್ನು ಒತ್ತದೆ ಇಳಿಸಿ, ಸುತ್ತ ನೀರು ಹಾಕಿ ಮರಳನ್ನು ಕೂರಿಸಿ. ಎಲೆಗಳಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಒಂದೂ ಬೇಡವೆನ್ನಲಾರೆ, ಏಕೆಂದರೆ ಚಿಗುರು ಮತ್ತು ಎಲೆಗಳಲ್ಲಿ ತಯಾರಾಗುವ ಚೋದಕವೂ (ಹಾರ್ಮೋನ್) ಸಕ್ಕರೆಯೂ ಕೆಳಗಿಳಿದೇ ಬೇರಿಗೆ ಒತ್ತಾಸೆಯಾಗುತ್ತದೆ. ಆ ಒಂದು ಎಲೆ ಬಾಡದಿರಲು ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಮೇಲೆ ಮುಚ್ಚಿಡಬಹುದು. ಆದರೆ ಮುಚ್ಚಿದ್ದನ್ನು ನೇರ ಬಿಸಿಲಿಗೆ ಇಟ್ಟರೆ ಒಳಗೆ ಬೇಯುತ್ತದೆ.

ಗಟ್ಟಿಯಿರುವ ಆರನೆಯ ಅಂಜೂರವನ್ನೂ ಹೀಗೆಯೇ ನೆಡಿ. ಮಿಕ್ಕ ಐದನ್ನು ಕಪ್ಪು ಮುಗಿದ ಮೇಲಿನ ಹಸಿರು ಭಾಗದ ಗಿಣ್ಣಿನ ಕೆಳಗೆ ಹೊಸದಾಗಿ ಕತ್ತರಿಸಿ ಪ್ರಯತ್ನಿಸಬಹುದು. ಪ್ರತಿ ಕತ್ತರಿಕೆಗೂ ಮುನ್ನ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಇಲ್ಲವಾದರೆ ಕೊಳೆತ ಭಾಗದ ಶಿಲೀಂಧ್ರವನ್ನು ನೀವೇ ಹೊಸ ಗಾಯಕ್ಕೆ ಹಚ್ಚಿದಂತಾಗುತ್ತದೆ.

ನೆರಳುಮನೆ:

ಪುಡಿಯ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಂಜೂರಕ್ಕೂ ಹಿಪ್ಪುನೇರಳೆಗೂ ಅದು ಬೇಕೇಬೇಕೆಂದೇನಿಲ್ಲ. ನಿಮ್ಮ ಕಡ್ಡಿಗಳು ಸತ್ತದ್ದು ಪುಡಿಯಿಲ್ಲದೆ ಅಲ್ಲ.

ಆದರೂ ಅದು ಏನು ಮಾಡುತ್ತದೆಂಬುದು ತಿಳಿದಿದ್ದರೆ ಒಳ್ಳೆಯದು. ಎಳೆಯ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕವು ಕಾಂಡದಲ್ಲಿ ತುದಿಯಿಂದ ಬುಡದ ಕಡೆಗೆ ಸಾಗುತ್ತದೆ. ರೆಂಬೆಯನ್ನು ಕತ್ತರಿಸಿದಾಗ ಮುಂದೆ ಹೋಗಲು ದಾರಿಯಿಲ್ಲದೆ ಕತ್ತರಿಸಿದ ಬುಡದಲ್ಲಿ ಶೇಖರವಾಗುತ್ತದೆ, ಅದೇ ಅಲ್ಲಿನ ಕೋಶಗಳಿಗೆ ಬೇರಾಗುವ ಸೂಚನೆ. ಹಳೆತೋಟಿಗರ ತಲೆಕೆಳಗಾದ ಕಡ್ಡಿಗಳ ರಹಸ್ಯವೂ ಇಲ್ಲಿಯೇ ಇದೆ: ಕಡ್ಡಿಯನ್ನು ನಾವು ಹೇಗೆ ತಿರುಗಿಸಿದರೂ ಆಕ್ಸಿನ್ ತನ್ನ ಹಳೆಯ ಬುಡದತ್ತಲೇ ಹೋಗುತ್ತದೆ, ಆ ಬುಡ ಗಾಳಿಯಲ್ಲಿದ್ದರೆ ಬೇರಿಗೆ ನೆಲೆಯೆಲ್ಲಿ? 1928ರಲ್ಲಿ ಫ್ರಿಟ್ಸ್ ವೆಂಟ್ ಎಂಬ ಡಚ್ ಸಸ್ಯವಿಜ್ಞಾನಿ ಓಟ್ಸ್ ಮೊಳಕೆಯ ತುದಿಗಳಿಂದ ಈ ವಸ್ತುವನ್ನು ಅಗರ್ (ಕಡಲಪಾಚಿಯಿಂದ ಮಾಡಿದ ಲೋಳೆಗಟ್ಟಿ) ತುಂಡುಗಳಿಗೆ ಇಳಿಸಿ ತೋರಿಸಿದರು. 1935ರಲ್ಲಿ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬ ಇಬ್ಬರು, ಇಂಡೋಲ್ ಬ್ಯುಟಿರಿಕ್ ಆಮ್ಲವು ಕಾಂಡದಲ್ಲಿ ಬೇರು ಬರಿಸುವುದನ್ನು ವರದಿ ಮಾಡಿದರು. ಇಂದಿಗೂ ಹೆಚ್ಚಿನ ಪುಡಿಗಳಲ್ಲಿ ಟಾಲ್ಕಿನೊಂದಿಗೆ ಬೆರೆತಿರುವುದು ಅದೇ ಆಮ್ಲ, ಸುಲಭವಾಗಿ ಅದನ್ನು ಐಬಿಎ ಎನ್ನುತ್ತಾರೆ.

ಪ್ಯಾಕೆಟ್ಟಿನ ಮೇಲೆ ಶೇಕಡಾವಾರು ಪ್ರಮಾಣವನ್ನು ಓದಿ ಕೊಳ್ಳಬೇಕು. ಎಳೆಯ ಹಸಿರು ತುಂಡುಗಳಿಗೆ ಶೇ. 0.1, ಅರೆಬಲಿತವುಗಳಿಗೆ ಶೇ. 0.3, ಗಟ್ಟಿ ಕಟ್ಟಿಗೆಯಾದವುಗಳಿಗೆ ಶೇ. 0.8ರ ಪುಡಿ ಎಂಬುದು ರೂಢಿ. ಬುಡವನ್ನು ಒದ್ದೆ ಮಾಡಿ, ಪುಡಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಅದ್ದಿ, ಹೆಚ್ಚಾದುದನ್ನು ತಟ್ಟಿ ಉದುರಿಸಿ, ಮೊದಲೇ ಮಾಡಿದ ರಂಧ್ರದಲ್ಲಿ ಇಳಿಸಬೇಕು. ಮರಳಿಗೆ ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮೇಲೆಯೇ ಉಳಿಯುತ್ತದೆ. ಪುಡಿಯನ್ನು ಡಬ್ಬಿಯಿಂದ ಸ್ವಲ್ಪ ಬೇರೆ ತಟ್ಟೆಗೆ ತೆಗೆದುಕೊಂಡು ಬಳಸಿ, ಉಳಿದುದನ್ನು ಡಬ್ಬಿಗೆ ಹಿಂದಿರುಗಿಸಬೇಡಿ. ಹೆಚ್ಚು ಹಾಕಿದರೆ ಹೆಚ್ಚು ಬೇರೆಂಬ ಲೆಕ್ಕ ಇಲ್ಲಿ ನಡೆಯದು. ಅತಿಯಾದ ಆಕ್ಸಿನ್ ಕಣ್ಣುಗಳು ಒಡೆಯುವುದನ್ನು ತಡೆಯುತ್ತದೆ, ಬುಡವನ್ನೂ ಸುಡುತ್ತದೆ.

ನನ್ನ ಅನುಭವದಲ್ಲಿ ಪುಡಿಗಿಂತ ಹೆಚ್ಚು ಫಲ ಕೊಟ್ಟದ್ದು ಬುಡದ ಬಿಸಿ. ಮರಳು 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದು, ಮೇಲಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ಕಣ್ಣುಗಳು ನಿದ್ರಿಸುತ್ತವೆ, ಬೇರು ಮೊದಲು ಹೊರಡುತ್ತದೆ. ನಿಮ್ಮಲ್ಲಿ ಆದದ್ದು ಇದರ ತದ್ವಿರುದ್ಧ.

ಹಳೆತೋಟಿಗ:

ಕೊನೆಯ ಪ್ರಶ್ನೆ ಉಳಿಯಿತು, ಗಟ್ಟಿಯಾಗಿ ನಿಲ್ಲುತ್ತದೆಯೇ ಎಂಬುದು. ಕಡ್ಡಿಯಿಂದ ಬಂದ ಗಿಡಕ್ಕೆ ಬೀಜದ ಗಿಡದಂತೆ ಹುಟ್ಟಿನಿಂದಲೇ ತಾಯಿಬೇರು ಇರುವುದಿಲ್ಲ; ಸುತ್ತ ಹರಡುವ ಬೇರುಗಳೇ ಆಧಾರ. ಕೊಂಬೆ ನೆಟ್ಟು ಬೆಳೆಸಿದ ನುಗ್ಗೆ ಜೋರು ಗಾಳಿಗೆ ಉರುಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಪಕ್ಕದ ಬೀಜದ ನುಗ್ಗೆ ನಿಂತೇ ಇತ್ತು. ಆದರೆ ಅಂಜೂರ, ದಾಳಿಂಬೆಗಳಂಥ ಗಿಡ್ಡ ಮರಗಳಲ್ಲಿ ಇದು ಚಿಂತೆಯ ವಿಷಯವಲ್ಲ. ಬೇರುಗಳು ಒಂದೇ ಪಕ್ಕಕ್ಕೆ ಬಂದಿರುವ ಗಿಡವನ್ನು ಮಾತ್ರ ದೊಡ್ಡ ಮರವಾಗಲು ನೆಡಬೇಡಿ.

ಪ್ರತಿಯಾಗಿ ಸಿಗುವ ಲಾಭ ದೊಡ್ಡದು. ಕಡ್ಡಿಯ ಗಿಡ ತಾಯಿಮರದ ಪಡಿಯಚ್ಚು: ಹಣ್ಣಿನ ರುಚಿ ಅದೇ, ಗಂಡು ಹೆಣ್ಣು ಬೇರೆಯಾಗಿರುವ ಮರಗಳಲ್ಲಿ ಲಿಂಗವೂ ಅದೇ. ಬೀಜದ ಗಿಡ ಕಳೆಯಬೇಕಾದ ಬಾಲ್ಯವನ್ನು ಅದು ಆಗಲೇ ಕಳೆದಿರುವುದರಿಂದ ಅಂಜೂರ ಎರಡು ಮೂರು ವರ್ಷಗಳಲ್ಲೇ ಹಣ್ಣು ಬಿಡಬಹುದು. ರೋಗವೂ ಹಾಗೆಯೇ ಬರುತ್ತದೆ. ತಾಯಿಮರದ ಎಲೆಗಳಲ್ಲಿ ನಂಜಿನ ಮಚ್ಚೆಗಳಿದ್ದರೆ ಆ ಕಡ್ಡಿ ಬೇಡ. ತಾಯಿಮರ ಕಸಿಯದಾಗಿದ್ದರೆ ಕಸಿ ಕಟ್ಟಿದ ಗಂಟಿನ ಮೇಲಿನ ರೆಂಬೆಯನ್ನೇ ತೆಗೆಯಬೇಕು. ಬುಡದ ಚಿಗುರು ಬೇಗ ಬೇರು ಬಿಡುತ್ತದೆಂದು ನಾನು ಮೇಲೆ ಹೇಳಿದ್ದನ್ನು ಅಲ್ಲಿ ಅನುಸರಿಸಿದರೆ ನಿಮಗೆ ಸಿಗುವುದು ಕಸಿಗೆ ಬುಡವಾಗಿ ಬಳಸಿದ ಬೇರುಗಿಡದ ಮರ, ಬೇಕಾದ ತಳಿಯಲ್ಲ. ಕೆಲವು ಮರಗಳು ರೆಂಬೆಯ ದಿಕ್ಕನ್ನೂ ಮರೆಯುವುದಿಲ್ಲ. ಕಾಫಿ ಗಿಡದ ಅಡ್ಡರೆಂಬೆಯ ತುಂಡು ಬೇರು ಬಿಟ್ಟ ಮೇಲೂ ನೆಟ್ಟಗೆ ಏಳದೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ. ಅದಕ್ಕೆ ನೇರವಾಗಿ ಮೇಲೇಳುವ ಚಿಗುರನ್ನೇ ತೆಗೆಯಬೇಕು.

ಹೊಸಚಿಗುರು:

ಏಳು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಕಪ್ಪು ಭಾಗವನ್ನು ಕತ್ತರಿಸಿ ಮರುನೆಟ್ಟ ಐದು ಅಂಜೂರಗಳಲ್ಲಿ ನಾಲ್ಕು ಹೋದವು. ಬೊಕ್ಕೆಗಳಿದ್ದ ಹಿಪ್ಪುನೇರಳೆಯ ಒಂದೇ ಎಲೆ ಎರಡನೆಯ ವಾರದಲ್ಲಿ ಹಳದಿಯಾಗಿ ಉದುರಿತು, ಆಸೆ ಬಿಟ್ಟಿದ್ದೆ. ನಿನ್ನೆ ಕುಂಡವನ್ನು ಎತ್ತಿದಾಗ ತಳದ ತೂತಿನಿಂದ ಬಿಳಿಯ ನೂಲಿನಂಥದ್ದು ಒಂದು ಇಣುಕುತ್ತಿತ್ತು. ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದೆ, ಬರಲಿಲ್ಲ. ಅಂಚಿನಲ್ಲಿದ್ದ ಆ ಆರನೆಯ ಅಂಜೂರವೂ ಹಾಗೆಯೇ ಬಿಗಿಯಾಗಿ ಹಿಡಿದಿದೆ, ಅದರಲ್ಲಿ ಮಾತ್ರ ಇನ್ನೂ ಒಂದು ಎಲೆಯೂ ಇಲ್ಲ. ಇವನ್ನು ಮಣ್ಣಿಗೆ ಯಾವಾಗ ವರ್ಗಾಯಿಸಬೇಕು?

ಮರಳುಪಾತಿ:

ಎಲೆಯಿಲ್ಲದೆ ಬಿಗಿ ಹಿಡಿದ ಅಂಜೂರವೇ ಎರಡರಲ್ಲಿ ಹೆಚ್ಚು ನಂಬಿಕೆಯದು. ಈಗಲೇ ಅಲುಗಿಸಬೇಡಿ, ಮೊದಲ ಬೇರುಗಳು ಗಾಜಿನಂತೆ ಮುರಿಯುತ್ತವೆ. ಬೇರು ಕವಲೊಡೆದು, ಬಿಳಿ ಬಣ್ಣ ಹೋಗಿ ನಸುಗಂದಾಗುವವರೆಗೆ, ಅಂದರೆ ಇನ್ನೂ ಮೂರು ನಾಲ್ಕು ವಾರ ಕಾಯಿರಿ. ಈ ನಡುವೆ ಹೊಸ ಎಲೆ ಬಂದರೆ ತೆಗೆಯಬೇಡಿ, ಈಗ ಬರುವ ಎಲೆಗಳಿಗೆ ನೀರು ಒದಗಿಸಲು ಕೆಳಗೆ ಬೇರಿದೆ. ಮಣ್ಣಿಗೆ ಸರಿಸುವ ದಿನ ಮರಳನ್ನು ಚೆನ್ನಾಗಿ ನೆನೆಸಿ, ಕಡ್ಡಿಯನ್ನು ಹಿಡಿದು ಎಳೆಯದೆ, ಕುಂಡವನ್ನೇ ಓರೆ ಮಾಡಿ ಮರಳಿನ ಸಮೇತ ಜಾರಿಸಿಕೊಳ್ಳಿ. ಗೊಬ್ಬರವನ್ನು ಅಲ್ಲಿಂದ ಒಂದು ತಿಂಗಳ ಮೇಲೆ, ತೆಳುವಾಗಿ ಕೊಡಿ.